43 ಹಲ್ಲು, 10 ಹಲ್ಲು: ಆಕ್ಸಲ್ ಗೇರ್ ಬದಲಿಸುವ ಮುನ್ನ ಒಂದು ಲೆಕ್ಕ

ಮಾರುತಿ ಸುಝುಕಿ ಜಿಮ್ನಿಯ ಮ್ಯಾನುಯಲ್ ಗಾಡಿಯಲ್ಲಿ ಆಕ್ಸಲ್ ಗೇರಿನ ಅನುಪಾತ 4.09. ಅದೇ ಗಾಡಿಯ ಆಟೊಮ್ಯಾಟಿಕ್‌ನಲ್ಲಿ 4.30. ಹಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಒಂದರಲ್ಲಿ ಪಿನಿಯನ್‌ಗೆ 11, ಕ್ರೌನ್‌ಗೆ 45. ಇನ್ನೊಂದರಲ್ಲಿ 10 ಮತ್ತು 43. ವ್ಯತ್ಯಾಸ ಶೇ. 5ರಷ್ಟು. ದೊಡ್ಡ ಟೈರ್ ಹಾಕಿಸಿಕೊಂಡವರು ‘ಗಾಡಿ ಎಳೀತಿಲ್ಲ’ ಎಂದು ಗ್ಯಾರೇಜಿಗೆ ಬಂದಾಗ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಇಂಥ ಐದು-ಹತ್ತು ಶೇಕಡಾದ ಮೇಲೆಯೇ. ಇಷ್ಟಕ್ಕಾಗಿ ಹಿಂದಿನ, ಮುಂದಿನ ಎರಡೂ ಹೌಸಿಂಗ್ ಬಿಚ್ಚಿಸಿ ಲಕ್ಷ ದಾಟುವ ಖರ್ಚಿಗೆ ಕೈಹಾಕಬೇಕೇ? ಕೆಲವರು ಹಾಕಲೇಬೇಕು, ಹೆಚ್ಚಿನವರು ಹಾಕಬಾರದು. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದು ಕಾಗದ-ಪೆನ್ಸಿಲು ಹಿಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕೆಲಸ ಯಾರ ಕೈಗೆ ಕೊಡುವುದು ಎಂಬುದು ಅಷ್ಟು ಸುಲಭವಲ್ಲ. ಆದರೆ ಅದಕ್ಕೂ ಅಂಕಿಗಳಿವೆ, ಮತ್ತು ಅವನ್ನು ಕೇಳಿ ಪಡೆಯುವ ಅಭ್ಯಾಸ ನಮ್ಮಲ್ಲಿ ತೀರಾ ಕಡಿಮೆ.

ಟೈರಿನಿಂದ ಶುರು

ಜಿಮ್ನಿಗೆ ಕಂಪನಿ ಕೊಡುವ ಟೈರ್ 195/80 ಆರ್15. ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 80, ಅಂದರೆ 156 ಮಿ.ಮೀ., ರಿಮ್ 15 ಇಂಚು, ಅಂದರೆ 381 ಮಿ.ಮೀ. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ ಕೂಡಿಸಿದರೆ ಒಟ್ಟು ವ್ಯಾಸ 693 ಮಿ.ಮೀ. ಇದೇ ರೀತಿ 215/75 ಆರ್15 ಲೆಕ್ಕ ಹಾಕಿದರೆ 703.5; ಏರಿಕೆ ಶೇ. 1.5, ಗಮನಕ್ಕೇ ಬಾರದಷ್ಟು. 235/75 ಆರ್15 ಹಾಕಿದರೆ 733.5, ಏರಿಕೆ ಶೇ. 5.8. 30 ಇಂಚಿನ ಟೈರಿಗೆ ಹೋದರೆ 762, ಏರಿಕೆ ಶೇ. 10.

ಹಳೆಯ ಅನುಪಾತವನ್ನು ಇದೇ ಪ್ರಮಾಣದಲ್ಲಿ ಏರಿಸಿದರೆ ಗಾಡಿ ಮೊದಲಿನ ನಡೆಗೆ ಬರುತ್ತದೆ. 4.09ನ್ನು 733.5ರಿಂದ ಗುಣಿಸಿ 693ರಿಂದ ಭಾಗಿಸಿದರೆ 4.33. 30 ಇಂಚಿಗೆ 4.50. ಮೊದಲನೆಯ ಉತ್ತರ ಆಟೊಮ್ಯಾಟಿಕ್‌ನ 4.30ಕ್ಕೆ ಎಷ್ಟು ಹತ್ತಿರವಿದೆ ನೋಡಿ. ಸಂಖ್ಯೆ ಕೂಡಿಬಂತೆಂದು ಪಾರ್ಟ್ ಕೂರುತ್ತದೆ ಎಂದು ಮಾತ್ರ ತಿಳಿಯಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡದೆ ದುಡ್ಡು ಕಟ್ಟುವಂತಿಲ್ಲ.

ಹೆದ್ದಾರಿಯಲ್ಲಿ ಇದು ಏನಾಗುತ್ತದೆ ಎಂದರೆ, ಐದನೇ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ ಕಂಪನಿಯ ಟೈರಿನಲ್ಲಿ ಎಂಜಿನ್ ಸುತ್ತು ನಿಮಿಷಕ್ಕೆ ಸುಮಾರು 3,130. ಟೈರ್ 235/75 ಮಾಡಿ ಗೇರ್ ಹಾಗೇ ಬಿಟ್ಟರೆ 2,960. ಗೇರ್ 4.30 ಮಾಡಿದರೆ 3,110. ಹೆಚ್ಚುಕಡಿಮೆ ಮೊದಲಿದ್ದ ಜಾಗಕ್ಕೇ. ನಡುವಿನ ಅಂಕಿ ಕಡಿಮೆಯಿದೆ, ಪೆಟ್ರೋಲ್ ಉಳಿಯುತ್ತದೆ ಎಂದು ಖುಷಿಪಡುವವರಿದ್ದಾರೆ. ಸಮತಟ್ಟಿನಲ್ಲಿ ಸ್ವಲ್ಪ ಹೌದು. ಆದರೆ ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಶೇ. 5.5 ಇಳಿದಿರುತ್ತದೆ, ಮೇಲಾಗಿ ಅಗಲದ ಟೈರಿನ ತೂಕವೂ ಎಂಜಿನ್ನಿನ ತಲೆಗೇ ಬೀಳುತ್ತದೆ. ಚಾರ್ಮಾಡಿ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ತಿರುವಿಗೆ ಎರಡಕ್ಕೆ ಇಳಿಯಬೇಕಾಗುತ್ತದೆ. ಉಳಿಸಿದ್ದು ಅಲ್ಲಿ ಸರಿಹೋಗುತ್ತದೆ.

ಜತೆಗೆ ಮೀಟರು. ಟೈರ್ ಶೇ. 5.8 ದೊಡ್ಡದಾದರೆ ಮೀಟರಿನಲ್ಲಿ 10,000 ಕಿ.ಮೀ. ಆಗುವಾಗ ಗಾಡಿ ನಿಜಕ್ಕೂ ಓಡಿರುವುದು 10,580. ಮೀಟರ್ ನೋಡಿ ಆಯಿಲ್ ಬದಲಿಸುವವರು, ಮೈಲೇಜ್ ಲೆಕ್ಕ ಹಾಕುವವರು ಇದನ್ನು ಸೇರಿಸಿಕೊಳ್ಳಬೇಕು.

ನನ್ನ ಮಟ್ಟಿಗೆ ಗೆರೆ ಇಷ್ಟು: ಏರಿಕೆ ಶೇ. 6ರ ಒಳಗಿದ್ದರೆ ಆಕ್ಸಲ್ ಮುಟ್ಟಬೇಡಿ. ಶೇ. 10ರ ಹತ್ತಿರ ಬಂದರೆ ಮುಟ್ಟದೆ ವಿಧಿಯಿಲ್ಲ. ನಡುವೆ ಇರುವವರು ತಿಂಗಳಿಗೆ ಎಷ್ಟು ಘಾಟಿ ಹತ್ತುತ್ತಾರೆ ಎಂಬುದರ ಮೇಲೆ ತೀರ್ಮಾನ.

ಲೋ ಗೇರಿನಲ್ಲಿ ಬಲ ಕಮ್ಮಿಯಿಲ್ಲ

ಕೆಸರಿನಲ್ಲಿ, ಕಲ್ಲಿನ ಏರಿನಲ್ಲಿ ಬಲ ಸಾಲದು ಎಂಬುದೇ ಗೇರ್ ಬದಲಿಸಲು ಕೊಡುವ ಸಾಮಾನ್ಯ ಕಾರಣ. ಅಂಕಿ ಹಾಗೆ ಹೇಳುವುದಿಲ್ಲ. ಜಿಮ್ನಿಯ ಮೊದಲ ಗೇರ್ 4.425, ಟ್ರಾನ್ಸ್‌ಫರ್ ಕೇಸಿನ ಲೋ 2.002, ಆಕ್ಸಲ್ 4.09. ಮೂರನ್ನೂ ಗುಣಿಸಿದರೆ 36.2. ಎಂಜಿನ್ನಿನ ಗರಿಷ್ಠ ಟಾರ್ಕ್ 134 ನ್ಯೂಟನ್ ಮೀಟರ್. ಅದು ಚಕ್ರಕ್ಕೆ ಬರುವ ಹೊತ್ತಿಗೆ 4,850 ದಾಟಿರುತ್ತದೆ. ಟೈರ್ ನೆಲ ಮುಟ್ಟುವಲ್ಲಿ ಅದು ಸುಮಾರು 1,430 ಕೆ.ಜಿ. ಎಳೆತ. ಗೇರು, ಬೇರಿಂಗುಗಳ ತಿಕ್ಕಾಟಕ್ಕೆ ಶೇ. 15 ಕಳೆದರೂ 1,200 ಉಳಿಯುತ್ತದೆ, ಮತ್ತು ಖಾಲಿ ಗಾಡಿಯ ತೂಕವೇ 1,200 ಕೆ.ಜಿ. ಆಸುಪಾಸು.

ಮಳೆಗಾಲದ ಒದ್ದೆ ಕೆಂಪು ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ ಗಾಡಿಯ ತೂಕದ ಅರ್ಧ ಮುಟ್ಟುವುದೇ ಕಷ್ಟ. ಅಂದರೆ ಗೇರು ಕೊಡುವ ಬಲದಲ್ಲಿ ಅರ್ಧಕ್ಕರ್ಧ ನೆಲಕ್ಕೆ ಇಳಿಯುವುದೇ ಇಲ್ಲ, ಚಕ್ರ ಸುಮ್ಮನೆ ತಿರುಗುತ್ತದೆ. ಅಲ್ಲಿ ಕೊರತೆಯಿರುವುದು ಹಿಡಿತದ್ದು. ಟೈರಿನ ಗಾಳಿ ಇಳಿಸುವುದು, ಡಿಫರೆನ್ಷಿಯಲ್ ಲಾಕ್ ಹಾಕಿಸುವುದು, ಸರಿಯಾದ ಗೆರೆ ಹಿಡಿದು ಓಡಿಸುವುದು ಮೊದಲು, ಗೇರ್ ಆಮೇಲೆ. ಗೇರಿನಿಂದ ನಿಜವಾಗಿ ಲಾಭವಾಗುವುದು ಹೈ ರೇಂಜಿನಲ್ಲಿ, ಘಾಟಿಯಲ್ಲಿ, ತುಂಬಿದ ಗಾಡಿಯಲ್ಲಿ, ಮತ್ತು ಇಳಿಜಾರಿನಲ್ಲಿ ಬ್ರೇಕ್ ಒತ್ತದೆ ನಿಧಾನ ಇಳಿಯುವಾಗ.

ಹಳೆಯ ಜೀಪಿನ 5.38

ಕೊಡಚಾದ್ರಿ 1,343 ಮೀಟರ್. ಅಲ್ಲಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ಹಿಂದೆ ಒಮ್ಮೆ ನಡೆದು ನೋಡಿ. ಮೊಣಕಾಲುದ್ದದ ಕೊರಕಲು, ಉರುಳುಗಲ್ಲು, ಜಾರುವ ಮಣ್ಣು. ಗಾಡಿ ಮಾತ್ರ ಕ್ಲಚ್ ಸುಡದೆ ನಡಿಗೆಯ ವೇಗದಲ್ಲಿ ಹತ್ತುತ್ತಿರುತ್ತದೆ. ಈ ನಡೆಯ ಮೂಲ ವಿಲ್ಲಿಸ್ ಕಾಲದ್ದು. ಮಹೀಂದ್ರ ಪರವಾನಗಿಯ ಮೇಲೆ ದಶಕಗಳ ಕಾಲ ಕಟ್ಟಿದ ಸಿಜೆ-3ಬಿಯ ವಿಲ್ಲಿಸ್ ಲೆಕ್ಕ ಹೀಗಿದೆ: ಮೊದಲ ಗೇರ್ 2.798, ಲೋ 2.46, ಆಕ್ಸಲ್ 5.38, ಅಂದರೆ 8 ಹಲ್ಲಿನ ಪಿನಿಯನ್‌ಗೆ 43 ಹಲ್ಲಿನ ಕ್ರೌನ್. ಗುಣಿಸಿದರೆ 37.

ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಈ ಜೀಪು ಲೋ ಫಸ್ಟಿನಲ್ಲಿ ತಾಸಿಗೆ 3.7 ಕಿ.ಮೀ. ಹೋಗುತ್ತದೆ. ಜಿಮ್ನಿ ಹೋಗುವುದು 3.6. ನಡುವೆ 70 ವರ್ಷ ಕಳೆದಿದೆ, ತೆವಳುವ ವೇಗ ಒಂದೇ. ಬೇರೆಯಾಗಿರುವುದು ಆ ಅನುಪಾತವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದು. ಹಳೆಯ ಜೀಪಿನಲ್ಲಿ ಭಾರವೆಲ್ಲ ಆಕ್ಸಲ್ ಮೇಲೆ. ಹಾಗಾಗಿ ಮೂರನೇ ಗೇರಿನಲ್ಲಿ, ಅದೇ ಕೊನೆಯ ಗೇರು, 80 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 3,170 ಸುತ್ತು ತಿರುಗಬೇಕು. ಜಿಮ್ನಿಗೆ ಅದೇ ವೇಗಕ್ಕೆ 2,500 ಸಾಕು. ಎಸ್ಟೇಟ್ ಜೀಪನ್ನು ಹಾಸನದ ಹೆದ್ದಾರಿಯಲ್ಲಿ ಓಡಿಸಿದವರಿಗೆ ಆ ಕೂಗು ಗೊತ್ತು. ಆಕ್ಸಲ್ ಅನುಪಾತ ಏರಿಸಿದರೆ ಪ್ರತಿ ಗೇರಿನಲ್ಲೂ, ಪ್ರತಿ ಕಿಲೋಮೀಟರಿನಲ್ಲೂ ಅದರ ಬೆಲೆ ತೆರುತ್ತೀರಿ.

ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಬೆಲೆಯಿದೆ. ಹೌಸಿಂಗ್ ಅದೇ, ಕ್ರೌನಿನ ಗಾತ್ರ ಅದೇ. ಅನುಪಾತ ಏರಿಸಲು ಪಿನಿಯನ್ ಸಣ್ಣದಾಗಬೇಕು. 11 ಹಲ್ಲಿನದು 10, 9, 8 ಆಗುತ್ತ ಹೋದಂತೆ ಪಿನಿಯನ್ನಿನ ತಲೆ ಚಿಕ್ಕದಾಗುತ್ತದೆ, ಏಕಕಾಲಕ್ಕೆ ಕೂಡಿಕೊಂಡು ಭಾರ ಹೊರುವ ಹಲ್ಲಿನ ಜಾಗ ಕಡಿಮೆಯಾಗುತ್ತದೆ. ಸಣ್ಣ ಆಕ್ಸಲ್‌ಗೆ ಅತಿ ದೊಡ್ಡ ಅನುಪಾತ ಹಾಕಿ ಕಲ್ಲಿನ ಮೇಲೆ ಒದ್ದಾಡಿಸುವುದು ಹಲ್ಲು ಮುರಿಸಿಕೊಳ್ಳುವ ದಾರಿ.

ಕಂಪನಿಯೇ ಲೆಕ್ಕ ಮೀರಿದಾಗ

ಗುಣಾಕಾರದ ಉತ್ತರಕ್ಕಿಂತ ಸ್ವಲ್ಪ ಮೇಲಿನದು ಆರಿಸಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಇದಕ್ಕೆ ಆಧಾರವಿದೆ. ಜೀಪ್ ಕಂಪನಿಯ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 285/70 ಆರ್17 ಟೈರಿಗೆ 4.10 ಆಕ್ಸಲ್. 2021ರಲ್ಲಿ ಅಮೆರಿಕದಲ್ಲಿ ಕಂಪನಿಯೇ 35 ಇಂಚಿನ ವರ್ಗದ 315/70 ಆರ್17 ಟೈರ್ ಹಾಕಿದ ಎಕ್ಸ್‌ಟ್ರೀಮ್ ರೆಕಾನ್ ಎಂಬ ಪ್ಯಾಕೇಜ್ ತಂದಿತು. ಗುಣಾಕಾರದ ಪ್ರಕಾರ ಅದಕ್ಕೆ 4.31 ಸಾಕಿತ್ತು. ಕೊಟ್ಟದ್ದು ಆಟೊಮ್ಯಾಟಿಕ್‌ಗೆ 4.56, ಮ್ಯಾನುಯಲ್‌ಗೆ 4.88. ಒಂದು ಶೇ. 6ರಷ್ಟು ಹೆಚ್ಚು, ಇನ್ನೊಂದು ಶೇ. 13. ದೊಡ್ಡ ಟೈರ್ ಬರೀ ಎತ್ತರವಲ್ಲ, ತೂಕವೂ ಹೌದು, ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಹೌದು; ಆ ಹೆಚ್ಚುವರಿ ಅದಕ್ಕೆ.

ಮ್ಯಾನುಯಲ್‌ನ ಮೊದಲ ಗೇರ್ 5.13, ಲೋ 4.0, ಆಕ್ಸಲ್ 4.88: ಗುಣಿಸಿದರೆ 100. ಮಾಮೂಲಿ ರೂಬಿಕಾನ್ ಆಟೊಮ್ಯಾಟಿಕ್‌ನಲ್ಲಿ ಇದು 77. ನಮ್ಮ ಜಿಮ್ನಿಯ 36ರ ಪಕ್ಕ ಇವು ಬೆರಗಿನ ಅಂಕಿಗಳು. ಆದರೆ ಆ ಗಾಡಿಯ ತೂಕ ಎರಡು ಟನ್ ಮೀರಿದ್ದು, ಅದು ಹತ್ತುವ ಬಂಡೆಗಳೂ ಬೇರೆ. ಮಲೆನಾಡಿನ ಮಣ್ಣಿಗೆ 36-40 ಸಾಲುತ್ತದೆ ಎಂಬುದು ಎಸ್ಟೇಟ್ ಜೀಪುಗಳು ಎರಡು-ಮೂರು ತಲೆಮಾರು ತೋರಿಸಿಕೊಟ್ಟಿರುವ ಸತ್ಯ.

ಜಿಪ್ಸಿಯವರಿಗೆ ಇನ್ನೊಂದು ಬಾಗಿಲಿದೆ

ಜಿಪ್ಸಿಯ ಸೋದರ ಗಾಡಿ ಸುಝುಕಿ ಸಮುರಾಯ್. ಅದರ ಮೊದಲ ಗೇರ್ 3.652, ಲೋ 2.268, ಆಕ್ಸಲ್ 3.727, ಒಟ್ಟು 31ಕ್ಕೆ ಚೂರು ಕಡಿಮೆ. ಹೊರದೇಶಗಳ ಸಮುರಾಯ್ ಬಳಗ ಆಕ್ಸಲ್ ತಂಟೆಗೆ ಹೋಗದೆ ಟ್ರಾನ್ಸ್‌ಫರ್ ಕೇಸಿನೊಳಗಿನ ಗೇರ್ ಮಾತ್ರ ಬದಲಿಸಿ ಲೋ ಅನುಪಾತವನ್ನು 4.16ಕ್ಕೆ ಒಯ್ಯುವುದು ಬಹುಕಾಲದ ರೂಢಿ. ಆಗ ಒಟ್ಟು 56.6. ಆಕ್ಸಲ್‌ನಿಂದ ಇಷ್ಟು ಸಾಧಿಸಬೇಕೆಂದರೆ 6.8 ಅನುಪಾತದ ಕ್ರೌನ್-ಪಿನಿಯನ್ ಬೇಕಾಗುತ್ತದೆ, ಅಂಥದ್ದು ಓಡಾಟದ ಗಾಡಿಗೆ ಕನಸಿನ ಮಾತು.

ತೆರೆಯುವುದು ಎರಡು ಹೌಸಿಂಗ್ ಬದಲು ಒಂದು ಪೆಟ್ಟಿಗೆ. ತೆವಳುವುದೊಂದೇ ಗುರಿಯಾಗಿದ್ದರೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಟೈರ್ ದೊಡ್ಡದಾಗಿ ಹೆದ್ದಾರಿಯಲ್ಲೂ ಎಳೆತ ಸೊರಗಿದ್ದರೆ ಮಾತ್ರ ಆಕ್ಸಲ್. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ, ಟೈರಿಗೆ ತಕ್ಕ ಆಕ್ಸಲ್ ಗೇರ್ ಹಾಕಿದರೆ ಮೀಟರ್ ತಾನಾಗಿ ಸರಿಹೋಗುತ್ತದೆ ಎಂಬುದು ಅದರ ಪರವಾದ ಒಂದು ಅಂಶ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕೈಪಿಡಿ ಹೇಳುವ ಅನುಪಾತ ನಂಬಬೇಡಿ, ಎಣಿಸಿ. ಗಾಡಿಯನ್ನು ಟೂ ವ್ಹೀಲ್ ನ್ಯೂಟ್ರಲ್‌ನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡಿಗೆ ಕೂರಿಸಿ. ಜಾಯಿಂಟ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಒಂದೇ ಚಕ್ರ ತಿರುಗುವಾಗ ಡಿಫರೆನ್ಷಿಯಲ್ ಅರ್ಧದಷ್ಟೇ ತಿರುಗುವುದರಿಂದ ಶಾಫ್ಟ್ 41 ಸುತ್ತು ಬಂದರೆ ಅನುಪಾತ 4.1, 43 ಬಂದರೆ 4.3. ಮುಂದಿನ ಆಕ್ಸಲ್‌ನಲ್ಲೂ ಇದನ್ನೇ ಮಾಡಿ. ಫ್ರೀ ವ್ಹೀಲ್ ಹಬ್ ಇದ್ದರೆ ಲಾಕ್ ಮಾಡಿಕೊಂಡು ಎಣಿಸಬೇಕು.

ಮುಂದಿನದು ಏಕೆಂದರೆ, ಖರ್ಚು ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿದ ಗಾಡಿಗಳೂ ಉಂಟು. ಒಂದು ಕಡೆ 4.09, ಇನ್ನೊಂದು ಕಡೆ 4.30 ಇದ್ದರೆ ಫೋರ್ ವ್ಹೀಲ್ ಹಾಕಿ ಒಂದು ಕಿಲೋಮೀಟರ್ ಹೋಗುವುದರಲ್ಲಿ ಎರಡು ಶಾಫ್ಟುಗಳ ನಡುವೆ ಸುಮಾರು 96 ಸುತ್ತಿನ ಜಗ್ಗಾಟ ನಡೆಯುತ್ತದೆ. ಕೆಸರಿನಲ್ಲಾದರೆ ಟೈರ್ ಜಾರಿ ಬಚಾವಾಗುತ್ತದೆ. ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸಿನ ಚೈನು, ಗೇರು ಅಥವಾ ಜಾಯಿಂಟ್ ಕೊಟ್ಟುಬಿಡುತ್ತದೆ. ಎರಡೂ ಆಕ್ಸಲ್ ಬದಲಿಸುವ ದುಡ್ಡಿಲ್ಲದಿದ್ದರೆ ಒಂದನ್ನೂ ಬದಲಿಸಬೇಡಿ.

ಬಿಲ್ಲು ಬರೆದು ನೋಡಿದರೆ

ಒಂದು ಆಕ್ಸಲ್‌ಗೆ ಬೇಕಾದ ಸಾಮಾನು: ಒಂದು ಜೋಡಿ ಕ್ರೌನ್-ಪಿನಿಯನ್, ಪಿನಿಯನ್‌ಗೆ ಎರಡು ಬೇರಿಂಗ್, ಕ್ಯಾರಿಯರ್‌ಗೆ ಎರಡು, ಪಿನಿಯನ್ ಸೀಲು, ಆಕ್ಸಲ್ ಸೀಲುಗಳು, ಹೊಸ ನಟ್ಟು, ಕ್ರಶ್ ಸ್ಲೀವ್, ಶಿಮ್ಮುಗಳ ಸೆಟ್ಟು, ಕ್ರೌನ್ ಬೋಲ್ಟು. ಎರಡು ಆಕ್ಸಲ್‌ಗೆ ಬೇರಿಂಗೇ ಎಂಟು. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಕೂಡಿಸಿದ ಜೋಡಿ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತದೆ. ನಂಬರ್ ಬೇರೆಯಾದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಅದು ಗುಜರಿ ಕಬ್ಬಿಣ. ಹಳೆಯ ಡಾನಾ ಆಕ್ಸಲ್ ಇರುವವರು ಇನ್ನೊಂದು ಗಮನಿಸಬೇಕು: ಡಾನಾ 30ರಲ್ಲಿ 3.54ರವರೆಗೆ ಒಂದು ಕ್ಯಾರಿಯರ್, 3.73ರಿಂದ ಮೇಲೆ ಬೇರೆ. ಡಾನಾ 44ರಲ್ಲಿ 3.73ರವರೆಗೆ ಒಂದು, 3.92ರಿಂದ ಬೇರೆ. ಆ ಗೆರೆ ದಾಟಿದರೆ ಕ್ಯಾರಿಯರ್ ಖರ್ಚು ಸೇರಿಕೊಳ್ಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಂಪನಿಯ ಮೂಲ ಅನುಪಾತದ ಸಾಮಾನು ಹುಡುಕುವುದು ಒಂದು ಲೆಕ್ಕ. ಬೇರೆ ಅನುಪಾತದ್ದು ಬೇಕೆಂದರೆ ಹೆಚ್ಚಿನ ಸಲ ಹೊರಗಿನಿಂದ ತರಿಸಬೇಕು, ಅದು ಇನ್ನೊಂದು ಲೆಕ್ಕ. ಈ ಎರಡನೆಯದನ್ನು ಬಿಡಿಸಿ ಬರೆಯುತ್ತೇನೆ. ಡಾಲರಿಗೆ 85 ರೂಪಾಯಿ, ಸಾಮಾನಿನ ಬೆಲೆ, ಮಜೂರಿ, ಆಯಿಲ್ ದರ ಇವೆಲ್ಲ ಲೆಕ್ಕ ತೋರಿಸಲು ನಾನು ಹಿಡಿದ ಅಂಕಿ. ನಿಮ್ಮ ಕೊಟೇಶನ್ ಬಂದಾಗ ಇವುಗಳ ಜಾಗದಲ್ಲಿ ಅವನ್ನು ಇಟ್ಟುಕೊಳ್ಳಿ.

ಕ್ರೌನ್-ಪಿನಿಯನ್ ಎರಡು ಜೋಡಿ, ತಲಾ 300 ಡಾಲರ್: 600 ಡಾಲರ್
ಬೇರಿಂಗ್-ಸೀಲ್ ಕಿಟ್ ಎರಡು, ತಲಾ 120: 240 ಡಾಲರ್
ಸಾಗಣೆ: 160 ಡಾಲರ್
ಒಟ್ಟು 1,000 ಡಾಲರ್: 85,000 ರೂ.
ವಾಹನ ಬಿಡಿಭಾಗದ ಮೂಲ ಸುಂಕ ಶೇ. 15: 12,750 ರೂ.
ಸುಂಕದ ಮೇಲೆ ಶೇ. 10 ಸರ್‌ಚಾರ್ಜ್: 1,275 ರೂ.
99,025 ರೂ. ಮೇಲೆ ಜಿಎಸ್‌ಟಿ ಶೇ. 18: 17,825 ರೂ.
ಕೈಗೆ ಬರುವಾಗ ಸಾಮಾನು: 1,16,850 ರೂ.
ಮಜೂರಿ 16 ತಾಸು, ತಾಸಿಗೆ 600, ಜಿಎಸ್‌ಟಿ ಸೇರಿ: 11,328 ರೂ.
ಗೇರ್ ಆಯಿಲ್ 7 ಲೀಟರ್, ಲೀಟರಿಗೆ 400: 2,800 ರೂ.
ಒಟ್ಟು: 1,30,978 ರೂ.

ಆಯಿಲ್ 7 ಲೀಟರ್ ಏಕೆಂದರೆ ಸಮುರಾಯ್‌ನಲ್ಲಿ ಮುಂದಿನ ಹೌಸಿಂಗ್ 2 ಲೀಟರ್, ಹಿಂದಿನದು ಒಂದೂವರೆ ಹಿಡಿಯುತ್ತದೆ, ಮತ್ತು ಹೊಸ ಗೇರಿಗೆ ಎರಡು ಸಲ ತುಂಬಿಸಬೇಕು. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಮೊದಲಿನ ಶೇ. 28 ಇದ್ದಿದ್ದರೆ ಸಾಮಾನಿನ ಮೇಲೇ ಇನ್ನೂ 9,900 ರೂ. ಬೀಳುತ್ತಿತ್ತು.

ಈ ಬಿಲ್ಲಿನಲ್ಲಿ ನಾನು ಬೊಟ್ಟು ಮಾಡಿ ತೋರಿಸಬೇಕೆಂದಿರುವುದು ಮಜೂರಿಯ ಸಾಲು. ಒಟ್ಟು ಖರ್ಚಿನ ಶೇ. 9ಕ್ಕೂ ಕಡಿಮೆ. ಅಮೆರಿಕದಲ್ಲಿ ರ‍್ಯಾಂಗ್ಲರ್‌ನ ಎರಡೂ ಆಕ್ಸಲ್ ಬದಲಿಸಲು ಸಾಮಾನ್ಯವಾಗಿ ಆಗುವ 2,000ದಿಂದ 3,500 ಡಾಲರಿನಲ್ಲಿ ಹೆಚ್ಚುಕಡಿಮೆ ಅರ್ಧ ಮಜೂರಿಗೇ ಹೋಗುತ್ತದೆ. ನಮ್ಮಲ್ಲಿ ಸಾಮಾನು ದುಬಾರಿ, ಕೈಕೆಲಸ ಅಗ್ಗ. ಆದರೂ ನಾವು ಚೌಕಾಸಿ ಮಾಡುವುದು ಕೈಕೆಲಸದ ಮೇಲೆ. ಮಜೂರಿಯಲ್ಲಿ 3,000 ಉಳಿಸಲು ಹೋಗಿ ಒಂದು ಆಕ್ಸಲ್ ಕೆಟ್ಟರೆ ಇದೇ ಲೆಕ್ಕದಲ್ಲಿ 58,425 ರೂ. ಸಾಮಾನು ಹೋಯಿತು. ಮಜೂರಿ ಮೂರು ಪಟ್ಟು, ಅಂದರೆ 33,984 ರೂ. ಕೊಟ್ಟರೂ ಅದು ಒಟ್ಟು ಖರ್ಚಿನ ಶೇ. 22 ಅಷ್ಟೆ. ಅಳತೆ ಹಿಡಿದು ಕೆಲಸ ಮಾಡುವವರಿಗೆ ಆ ಮೂರು ಪಟ್ಟು ಕೊಡುವುದು ನ್ಯಾಯ ಎಂದು ನಾನು ನಂಬುತ್ತೇನೆ.

ಕಾನೂನಿನದೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಕಂಪನಿಯ ಮೂಲ ವಿವರಕ್ಕೆ ಹೊರತಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಟೈರಿನ ಅಳತೆ ದಾಟಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿ. ವಾರಂಟಿಯಲ್ಲಿರುವ ಗಾಡಿಯ ಹೌಸಿಂಗ್ ಬಿಚ್ಚಿಸಿದರೆ ಅದರ ವಾರಂಟಿ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ.

ಅಂಗಡಿಯನ್ನು ಅಳೆಯುವುದು

ಒಳ್ಳೆಯ ಗ್ಯಾರೇಜ್ ಯಾವುದು ಎಂದು ಕೇಳಿದರೆ ಎಲ್ಲರೂ ಒಬ್ಬರ ಹೆಸರು ಹೇಳುತ್ತಾರೆ. ಆ ವ್ಯಕ್ತಿ ಎಂಜಿನ್ನಿನಲ್ಲಿ, ಕ್ಲಚ್ಚಿನಲ್ಲಿ ಎತ್ತಿದ ಕೈ ಇರಬಹುದು. ಕ್ರೌನ್-ಪಿನಿಯನ್ ಕೂರಿಸುವುದು ಬೇರೆಯೇ ಕಸುಬು. ಅಲ್ಲಿ ಕೈ ಅಂದಾಜು ನಡೆಯುವುದಿಲ್ಲ.

ಎರಡು ಹಲ್ಲುಗಳ ನಡುವೆ ಬಿಡುವ ಸಡಿಲಕ್ಕೆ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ, ಶೆಡ್ಡುಗಳಲ್ಲಿ ‘ಪ್ಲೇ’. ಸಮುರಾಯ್‌ಗೆ ಅದು 0.10ರಿಂದ 0.15 ಮಿ.ಮೀ. ಒಳಗಿರಬೇಕು. ಡಾನಾ ಆಕ್ಸಲ್‌ಗಳಿಗೆ ಸಾಮಾನ್ಯವಾಗಿ 0.15ರಿಂದ 0.25. ಸುಝುಕಿಯಲ್ಲಿ ಮೇಲಿನ ಮಿತಿಗೂ ಕೆಳಗಿನ ಮಿತಿಗೂ ಇರುವ ಅಂತರ 0.05 ಮಿ.ಮೀ., ಒಂದು ತಲೆಗೂದಲಿನ ದಪ್ಪದಷ್ಟೂ ಇಲ್ಲ. ಕ್ರೌನನ್ನು ಅಲ್ಲಾಡಿಸಿ ‘ಸರಿಯಿದೆ’ ಎನ್ನುವ ಬೆರಳಿಗೆ ಇದು ತಿಳಿಯುವುದೇ ಇಲ್ಲ. ಡಯಲ್ ಗೇಜ್ ಬೇಕು. ಅದೂ ಒಂದೇ ಕಡೆ ಅಲ್ಲ, ಕ್ರೌನಿನ ಸುತ್ತ ಮೂರು-ನಾಲ್ಕು ಜಾಗದಲ್ಲಿ. ಒಂದು ಜಾಗಕ್ಕೂ ಇನ್ನೊಂದಕ್ಕೂ 0.05 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಕ್ರೌನ್ ಓರೆಯಾಗಿ ಕೂತಿದೆ ಅಥವಾ ಅದರಡಿ ಕೊಳೆ ಸಿಕ್ಕಿಕೊಂಡಿದೆ.

ಎರಡನೆಯದು ಪಿನಿಯನ್ ಬೇರಿಂಗಿನ ಬಿಗಿತ, ಪ್ರೀಲೋಡ್. ಕ್ರಶ್ ಸ್ಲೀವ್ ಇರುವ ಆಕ್ಸಲ್‌ನಲ್ಲಿ ನಟ್ಟನ್ನು 270ರಿಂದ 400 ನ್ಯೂಟನ್ ಮೀಟರ್ ಬಲ ಹಾಕಿ ಬಿಗಿಯಬೇಕಾಗುತ್ತದೆ, ಉದ್ದನೆ ಪೈಪು ಸಿಕ್ಕಿಸಿಕೊಂಡು. ಅಷ್ಟು ಬಲ ಹಾಕಿ ಸಾಧಿಸಬೇಕಾದ್ದು ಏನು? ಪಿನಿಯನ್ ತಿರುಗಿಸುವಾಗ ಕೈಗೆ ಸಿಗುವ ತಡೆ, ಹೊಸ ಬೇರಿಂಗಿಗೆ ಸಾಮಾನ್ಯವಾಗಿ 15ರಿಂದ 30 ಇಂಚು-ಪೌಂಡ್, ಅಂದರೆ ಬರೀ 1.7ರಿಂದ 3.4 ನ್ಯೂಟನ್ ಮೀಟರ್. ಬಿಗಿಯುವ ಬಲಕ್ಕೂ ತಲುಪಬೇಕಾದ ಗುರಿಗೂ ನೂರು ಪಟ್ಟು ವ್ಯತ್ಯಾಸ. ನಟ್ಟು ಒಂದು ಎಳೆ ಹೆಚ್ಚು ತಿರುಗಿದರೆ ಸ್ಲೀವ್ ಜಜ್ಜಿಹೋಗಿ ಬಿಗಿತ ಮಿತಿ ದಾಟುತ್ತದೆ. ನಟ್ಟನ್ನು ಹಿಂದಕ್ಕೆ ತಿರುಗಿಸಿ ಸರಿಮಾಡುವಂತಿಲ್ಲ. ಬಿಚ್ಚಿ ಹೊಸ ಸ್ಲೀವ್ ಹಾಕಲೇಬೇಕು. ಮುರಿಯುವ ಬೇರಿಂಗುಗಳ ಕಥೆ ಬಹುಪಾಲು ಇಲ್ಲೇ ಹುಟ್ಟುತ್ತದೆ. ಕಿಟ್ಟಿನಲ್ಲಿ ಒಂದು ಸ್ಲೀವ್ ಬಂದಿದ್ದರೆ ಇನ್ನೆರಡು ತರಿಸಿಡಿ.

ಮೂರನೆಯದು ಪಿನಿಯನ್ನಿನ ಆಳ. ಇದಕ್ಕೆ ಸಾಕ್ಷಿ ಬಣ್ಣ. ಮೂಡಿಗೆರೆ ಕಡೆಯ ಒಂದು ಶೆಡ್ಡಿನಲ್ಲಿ ಹಿರಿಯ ಫಿಟ್ಟರೊಬ್ಬರು ಈ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಕ್ರೌನಿನ ನಾಲ್ಕು ಹಲ್ಲಿಗೆ ಪ್ರಷ್ಯನ್ ಬ್ಲೂ ತೆಳುವಾಗಿ ಸವರಿದರು. ಹುಡುಗನಿಗೆ ‘ಕ್ರೌನಿಗೆ ಕಟ್ಟಿಗೆ ಒತ್ತಿ ಹಿಡಿಯೋ’ ಎಂದು ಹೇಳಿ, ತಡೆ ಕೊಟ್ಟುಕೊಂಡೇ ಪಿನಿಯನ್ ತಿರುಗಿಸಿದರು, ಮುಂದಕ್ಕೂ ಹಿಂದಕ್ಕೂ. ಟಾರ್ಚ್ ಬಿಟ್ಟಾಗ ನೀಲಿಯ ನಡುವೆ ಹಲ್ಲು ತಾಗಿದ ಮಚ್ಚೆ ಕಂಡಿತು. ಅದು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ ಹೆಚ್ಚು ಒಳಗೆ ಕೂತಿದೆ ಎಂದರ್ಥ. ಬೇರಿಂಗ್ ಎಳೆದು ತೆಗೆದು, ಮೈಕ್ರೋಮೀಟರಿನಲ್ಲಿ ಶಿಮ್ ಅಳೆದು, 0.05 ಮಿ.ಮೀ. ತೆಳುವಿನದು ಹಾಕಿ ಮತ್ತೆ ಜೋಡಿಸಿದರು. ಮತ್ತೆ ನೀಲಿ. ಮಚ್ಚೆ ಹಲ್ಲಿನ ನಡುವಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಎಷ್ಟು ಸಲ ಬಿಚ್ಚುತ್ತೀರಣ್ಣ ಎಂದರೆ, ‘ಒಂದೇ ಸಲಕ್ಕೆ ಕೂರಲ್ಲ ಸಾರ್, ಕೂತ್ರೆ ನಂಗೇ ಅನುಮಾನ’ ಎಂದರು.

ಆ ಮಾತಿನಲ್ಲಿ ಅಂಗಡಿ ಆರಿಸುವ ಮೊದಲ ಅಂಕಿಯಿದೆ: ತಾಸು. ಒಂದು ಆಕ್ಸಲ್‌ಗೆ ಒಂದು ಪೂರ್ತಿ ದಿನ ಕೇಳುವವರನ್ನು ನಂಬಬಹುದು. ಬೆಳಿಗ್ಗೆ ಬಿಟ್ಟು ಸಂಜೆ ಬನ್ನಿ, ಎರಡೂ ಮುಗಿಸಿಕೊಡುತ್ತೇವೆ ಎನ್ನುವವರು ಹಳೆಯ ಶಿಮ್ಮನ್ನೇ ಹಾಕಿ ಮುಚ್ಚುವ ಸಂಭವ ಹೆಚ್ಚು.

ಗಾಡಿ ಬಿಡುವ ಮೊದಲು ಒಂದು ದಿನ ಸುಮ್ಮನೆ ಹೋಗಿ ಕೂತು ಬನ್ನಿ. ಮ್ಯಾಗ್ನೆಟ್ ಬೇಸಿನ ಡಯಲ್ ಗೇಜ್ ಇದೆಯೇ? ಇಂಚು-ಪೌಂಡಿನ ಸಣ್ಣ ಟಾರ್ಕ್ ರೆಂಚ್ ಇದೆಯೇ? ದೊಡ್ಡದು ಎಲ್ಲ ಕಡೆ ಇರುತ್ತದೆ, ಸಣ್ಣದು ಇರುವುದೇ ಅಪರೂಪ, ಆದರೆ ಪ್ರೀಲೋಡ್ ಅಳೆಯಲು ಬೇಕಾದ್ದು ಅದೇ. ಬೇರಿಂಗನ್ನು ಪ್ರೆಸ್ಸಿನಲ್ಲಿ ಕೂರಿಸುತ್ತಾರೋ ಸುತ್ತಿಗೆಯಲ್ಲೋ? ಗೇರ್ ಜೋಡಿಸುವ ಮೇಜಿನ ಪಕ್ಕದಲ್ಲೇ ಗ್ರೈಂಡರ್ ಕಿಡಿ ಹಾರುತ್ತಿದೆಯೇ? ಈ ನಾಲ್ಕಕ್ಕೆ ಉತ್ತರ ಕಣ್ಣಿಗೇ ಕಾಣುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಕೇಳಬೇಕಾದ್ದು ಒಂದೇ, ಅದನ್ನು ಗೌರವದಿಂದ, ಮುಂಗಡ ಕೊಡುವ ಮೊದಲೇ ಕೇಳಬೇಕು: ಪ್ರತಿ ಆಕ್ಸಲ್‌ಗೆ ಬ್ಯಾಕ್‌ಲ್ಯಾಶ್ ಎಷ್ಟು ಬಂತು, ಪಿನಿಯನ್ ಪ್ರೀಲೋಡ್ ಎಷ್ಟು, ಯಾವ ದಪ್ಪದ ಶಿಮ್ ಹಾಕಿದಿರಿ, ಜೋಡಿ ನಂಬರ್ ಏನು ಎಂದು ಬಿಲ್ಲಿನ ಹಿಂದೆ ಬರೆದುಕೊಡಬೇಕು. ಬಣ್ಣದ ಮಚ್ಚೆಯ ಫೋಟೊ ಎರಡು, ಮುಂದಿನ ಮುಖದ್ದು ಒಂದು, ಹಿಂದಿನ ಮುಖದ್ದು ಒಂದು, ವಾಟ್ಸಾಪಿನಲ್ಲಿ ಕಳಿಸಬೇಕು. ಅಳೆಯುವವರಿಗೆ ಇದು ಐದು ನಿಮಿಷದ ಕೆಲಸ, ಕೇಳಿದರೆ ಸಂತೋಷವೇ ಆಗುತ್ತದೆ. ‘ಮೂವತ್ತು ವರ್ಷದಿಂದ ಮಾಡ್ತಿದೀನಿ, ಬರೆದು ಕೊಡೋದೆಲ್ಲ ಇಲ್ಲ’ ಎಂದರೆ, ಆ ಮೂವತ್ತು ವರ್ಷಕ್ಕೆ ನಮಸ್ಕಾರ ಹೇಳಿ ಗಾಡಿ ವಾಪಸ್ ತನ್ನಿ.

ಇನ್ನು ಸಾಮಾನು ಅಂಗಡಿಯವರೇ ತರಿಸಲಿ. ನೀವು ತರಿಸಿ ಕೊಟ್ಟರೆ ನಾಳೆ ಕೂಗು ಬಂದಾಗ ಗೇರ್ ಸರಿಯಿಲ್ಲ ಎಂದು ಅವರು, ಕೂರಿಸಿದ್ದು ಸರಿಯಿಲ್ಲ ಎಂದು ಮಾರಿದವರು ಹೇಳುತ್ತಾರೆ. ಸಾಮಾನಿನ ಮೇಲೆ ಅವರಿಗೊಂದಿಷ್ಟು ಲಾಭ ಹೋದರೂ ಜವಾಬ್ದಾರಿ ಒಂದೇ ಕಡೆ ಉಳಿಯುತ್ತದೆ.

ಮೊದಲ 800 ಕಿ.ಮೀ.

ಹೊಸ ಹಲ್ಲುಗಳು ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುವಾಗ ಬಿಸಿ ಹೆಚ್ಚು. ಮೊದಲ 25-30 ಕಿ.ಮೀ. ಹಗುರವಾಗಿ ಓಡಿಸಿ ಅರ್ಧ ತಾಸು ನಿಲ್ಲಿಸಿ ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು-ಮೂರು ಸಲ. 800 ಕಿ.ಮೀ. ಆಗುವವರೆಗೆ ಟ್ರೇಲರ್ ಎಳೆಯುವುದು, ಗಾಡಿ ತುಂಬಿಸಿ ಘಾಟಿ ಹತ್ತಿಸುವುದು, ಕಲ್ಲುದಾರಿ ಬೇಡ. ಕಿವಿಗೊಟ್ಟು ಕೇಳಿ: ಆಕ್ಸಿಲರೇಟರ್ ಕೊಟ್ಟಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ಎಂದು ಬದಲಾಗುವ ಕೂಗು ಹಲ್ಲಿನದು, ಕೊಟ್ಟರೂ ಬಿಟ್ಟರೂ ಬದಲಾಗದೆ ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆ ಹೆಚ್ಚಾಗಿ ಬೇರಿಂಗಿನದು. ಎರಡರಲ್ಲಿ ಯಾವುದು ಬಂದರೂ ಅದೇ ವಾರ ಅಂಗಡಿಗೆ ಹೋಗಿ, ತಾನಾಗಿ ಸರಿಹೋಗುತ್ತದೆ ಎಂದು ಕಾಯಬೇಡಿ.

800 ಕಿ.ಮೀ.ಗೆ ಆಯಿಲ್ ಇಳಿಸಿ. ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಸರಿ, ಅದು ಹೊಂದಿಕೊಂಡದ್ದರ ಗುರುತು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಆಯಿಲ್ ತುಂಬಿಸುವ ಮಾತಿಲ್ಲ, ಹೌಸಿಂಗ್ ತೆರೆಯಬೇಕು. ತೆರೆದಾಗ ಬ್ಯಾಕ್‌ಲ್ಯಾಶ್ ಮತ್ತೆ ಅಳೆದು ಬಿಲ್ಲಿನ ಹಿಂದಿನ ಅಂಕಿಗೆ ಹೋಲಿಸಬಹುದು. ಆ ಅಂಕಿ ಬರೆಸಿಕೊಂಡಿದ್ದರೆ ಮಾತ್ರ. ಮಜೂರಿಯಲ್ಲಿ ಕಾಲು ಭಾಗವನ್ನು ಈ ದಿನಕ್ಕೆಂದು ಉಳಿಸಿಕೊಳ್ಳುವುದಾಗಿ ಮೊದಲೇ ಮಾತಾಡಿಕೊಳ್ಳಿ, ಮೇಲಿನ ಲೆಕ್ಕದಲ್ಲಿ ಅದು 2,832 ರೂ. ಆಯಿಲ್ ಶುದ್ಧವಾಗಿ ಇಳಿದ ಕೂಡಲೇ, ಅಲ್ಲೇ, ಎಣಿಸಿ ಕೊಟ್ಟುಬಿಡಿ.